ಯಿನ್ ಯೋಗಕ್ಕೆ ತರಿಸಿದ ಪ್ರಾಪ್ಸ್ ಸೆಟ್ಟು, ನಮ್ಮೂರ ಗಾದಿ ಅಂಗಡಿಯ ಬೋಲ್ಸ್ಟರು: ಹೊಸಬರ ಕ್ಲಾಸಿಗೆ ಯಾವುದು ಬೇಕು?

ಆನ್‌ಲೈನಲ್ಲಿ ಯೋಗ ಪ್ರಾಪ್ಸ್, ಅಂದ್ರೆ ಆಸನಕ್ಕೆ ಆಸರೆ ಕೊಡೋ ಸಾಮಾನು, ಇದರ ಬಗ್ಗೆ ಬರೆಯೋರೆಲ್ಲ ಡಬ್ಬ ಒಡೆದ ದಿನವೇ ಐದು ಸ್ಟಾರ್ ಕೊಟ್ಟು "ಸೂಪರ್ ಕ್ವಾಲಿಟಿ" ಅಂತ ಹಾಕಿ ಮುಗಿಸಿಬಿಡ್ತಾರೆ. ಬೋಲ್ಸ್ಟರ್ ಅಂದ್ರೆ ಉದ್ದದ ಗಟ್ಟಿ ದಿಂಬು, ಅದರ ಮೇಲೆ ಮೂರು ನಿಮಿಷ ಎದೆ ಇಟ್ಟು ಮಲಗಿದ್ರೆ ಎಂತ ಆಗ್ತದೆ, ಜುಲೈ ತಿಂಗಳಲ್ಲಿ ಅದರ ವಾಸನೆ ಹೇಗಿರ್ತದೆ, ಇದನ್ನ ಯಾರೂ ಬರೆಯೋದಿಲ್ಲ. ನಾನು ಕಾರವಾರದಲ್ಲಿ ಸಂಜೆ ಯೋಗ ಕ್ಲಾಸ್ ತಗೊಳ್ತೇನೆ, ಬರೋರು ಹೆಚ್ಚಿನವರು ಹೆಂಗಸರು, ಬ್ಯಾಂಕಿನೋರು, ಶಾಲೆ ಅಕ್ಕೋರುಗಳು, ಕೈಗಾ ಕಡೆ ಕೆಲಸದ ಮನೆಯವರು, ಮಕ್ಕಳನ್ನ ಟ್ಯೂಷನ್ನಿಗೆ ಬಿಟ್ಟು ಆ ಒಂದು ತಾಸು ಇಲ್ಲಿಗೆ ಬರೋ ತಾಯಂದಿರು. ಸೂರ್ಯನಮಸ್ಕಾರ ಅಂದ್ರೆ ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಸೊಂಟ, ಹಾಗಾಗಿ ವಾರಕ್ಕೊಂದು ದಿನ ಯಿನ್, ಅಂದ್ರೆ ಒಂದೊಂದು ಆಸನದಲ್ಲೂ ತುಂಬ ಹೊತ್ತು ಇರೋ ನಿಧಾನದ ಯೋಗ, ಇಡೋಣ ಅಂತಾಯ್ತು, ಅದಕ್ಕೆ ಅಂತಲೇ ಈ ಸೆಟ್ಟುಗಳನ್ನ ತರಿಸಿದ್ದು. ಮಳೆಗಾಲ ಪೂರ್ತಿ ಬಳಸಿ ಆಯ್ತು, ಈಗ ಬರೀಬಹುದು.

ಕಂಪನಿ ಹೆಸರು ಹಾಕೋದಿಲ್ಲ, ಹೆಚ್ಚುಕಮ್ಮಿ ಇದೇ ಮಾಲು ನಾಕೈದು ಹೆಸರಲ್ಲಿ ಮಾರಾಟಕ್ಕದೆ, ನೋಡಿದ್ರೆ ಗೊತ್ತಾಗ್ತದೆ. ಒಂದು ಸೆಟ್ಟಲ್ಲಿ ಆಯತದ ಬೋಲ್ಸ್ಟರ್ ಒಂದು, ಇಟ್ಟಿಗೆ ಆಕಾರದ ಫೋಮ್ ಬ್ಲಾಕ್ ಎರಡು, ಎಂಟು ಅಡಿ ಪಟ್ಟಿ ಒಂದು, ಕಣ್ಣ ಮೇಲೆ ಇಡೋ ಪುಟ್ಟ ದಿಂಬು ಒಂದು, ಎಲ್ಲ ತುಂಬಿಕೊಳ್ಳೋ ಚೀಲ ಒಂದು. 2,600 ರೂಪಾಯಿ. ಕಂಬಳಿ ಇಲ್ಲ. ನನ್ನ ಲೆಕ್ಕದಲ್ಲಿ ಇದೇ ಮೊದಲನೇ ಕೊರತೆ, ಯಾಕೆ ಅಂತ ಮುಂದೆ ಬರ್ತದೆ.

ಯಿನ್ ಅಂದ್ರೆ ಎಂತ ಅಂತ ಚೂರು ಹೇಳಿಬಿಡ್ತೇನೆ, ಇಲ್ಲಾಂದ್ರೆ ಒಂದು ದಿಂಬಿಗೆ ಇವಳು ಯಾಕೆ ಇಷ್ಟು ಬರೀತಾಳೆ ಅನ್ಸಬಹುದು. ಹೆಚ್ಚಿನ ಆಸನ ಎಲ್ಲ ಕೂತು ಇಲ್ಲಾ ಮಲಗಿ ಮಾಡೋದು, ಒಂದೊಂದರಲ್ಲೂ ಮೂರರಿಂದ ಐದು ನಿಮಿಷ ಇರೋದು, ಸ್ನಾಯು ಬಿಗಿ ಹಿಡಿಯದೆ ಸಡಿಲ ಬಿಡೋದು. 1970ರ ದಶಕದ ಕೊನೆಗೆ ಅಮೆರಿಕದಲ್ಲಿ ಪಾಲಿ ಜಿಂಕ್ ಅಂತ ಕುಂಗ್‌ಫು ಕಲಿತವನೊಬ್ಬ ತಾವೋ ಯೋಗ ಅಂತ ಕಲಿಸಲಿಕ್ಕೆ ಶುರು ಮಾಡಿದ, ಅವನ ಹತ್ರ ಕಲಿತ ಪಾಲ್ ಗ್ರಿಲಿ, ಆಮೇಲೆ ಸಾರಾ ಪವರ್ಸ್ ಇದನ್ನ ದೇಶ ದೇಶಕ್ಕೆ ಹಬ್ಬಿಸಿದ್ರು. ನಿಯಮ ಮೂರೇ. ನಿಮ್ಮ ದೇಹ ಒಪ್ಪುವಷ್ಟೇ ಆಳಕ್ಕೆ ಹೋಗಿ, ಅಲ್ಲಿ ಅಲ್ಲಾಡಬೇಡಿ, ಹೊತ್ತು ಆಗಲಿಕ್ಕೆ ಬಿಡಿ. ಕೆಲಸ ನಡಿಯೋದು ಸೊಂಟ, ತೊಡೆಸಂದು, ಬೆನ್ನಿನ ಕೆಳಗಿನ ಭಾಗದಲ್ಲಿ ಕೀಲುಗಳ ಸುತ್ತ ಇರೋ ಬಿಗಿ ಅಂಗಾಂಶದ ಮೇಲೆ, ಲಿಗಮೆಂಟು, ಫೇಶಿಯಾ ಅಂತಾರಲ್ಲ ಅದರ ಮೇಲೆ. ಹೊಸಬರಿಗೆ ಹೆಚ್ಚಿನ ಆಸನದಲ್ಲಿ ಐದು ನಿಮಿಷ ಜಾಸ್ತಿ ಆಯ್ತು, ಒಂದೂವರೆ ಎರಡು ನಿಮಿಷದಿಂದ ಶುರು ಮಾಡಿ ಮೂರರ ಆಸುಪಾಸಿಗೆ ನಿಲ್ಲಿಸಿದ್ರೆ ಅಡ್ಡಿಲ್ಲ.

ಗೋಕರ್ಣದ ಕುಡ್ಲೆ, ಓಂ ಬೀಚ್ ಕಡೆ ಸೀಸನ್ನಲ್ಲಿ ಫಾರಿನ್ನಿನೋರಿಗೆ ಇದನ್ನೇ ಕಲಿಸ್ತಾರೆ, ಆ ಫೋಟೋ ನೋಡಿ ನಮ್ಮಲ್ಲಿ ಕೆಲವರು ಪ್ರಾಪ್ಸ್ ಅಂದ್ರೆ ಹೊರಗಿನ ಶೋಕಿ ಅಂತ ತಿಳ್ಕೊಂಡಿದ್ದಾರೆ. ಕೋಲಾರ ಕಡೆಯ ಬೆಳ್ಳೂರಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರೇ ಪುಣೆಯಲ್ಲಿ ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಬೋಲ್ಸ್ಟರ್ ಎಲ್ಲ ಬಳಸಿ ಜಗತ್ತಿಗೆ ತೋರಿಸಿದ್ದು ಮಾರಾಯ್ರೆ. ಹಾಗಾಗಿ ಆ ಸಂಕೋಚ ಬೇಡ.

ಈಗ ವಿಷಯಕ್ಕೆ. ಹೊಸಬರ ಯಿನ್ ಕ್ಲಾಸನ್ನ ಕೆಡಿಸೋದು ಸಾಮಾನಿನ ಎಳೆದಾಟ. ಒಬ್ಬರು ಬೋಲ್ಸ್ಟರ್ ಅಡ್ಡ ಇಡ್ತಾರೆ, ಇನ್ನೊಬ್ಬರು ಉದ್ದ ಇಡ್ತಾರೆ, ಬ್ಲಾಕ್ ಉರುಳ್ತದೆ, ಪಟ್ಟಿಯ ಬಕಲ್ ಹೇಗೆ ಹಾಕೋದು ಅಂತ ಪಕ್ಕದವರನ್ನ ಕೇಳ್ತಾರೆ, ಅಷ್ಟರಲ್ಲಿ ಮೊದಲು ತಯಾರಾದವರು ಕೂತು ಮೊಬೈಲ್ ನೋಡಲಿಕ್ಕೆ ಹಿಡೀತಾರೆ, ಮುಗೀತು. ಅದಕ್ಕೇ ನಾನು ಕ್ಲಾಸ್ ಪ್ಲಾನ್ ಮಾಡುವಾಗ ಆಸನದ ಪಟ್ಟಿ ಮೊದಲು ಬರೆಯೋದಿಲ್ಲ, ಬೋಲ್ಸ್ಟರ್ ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ಬರೀತೇನೆ. ಒಂದು ಆಸನಕ್ಕೂ ಮುಂದಿನದಕ್ಕೂ ನಡುವೆ ಬೋಲ್ಸ್ಟರ್ ಒಂದೇ ಸಲ ಜರುಗಬೇಕು, ಬ್ಲಾಕು ಕ್ಲಾಸಿನ ಮೊದಲ ಭಾಗದಲ್ಲೇ ಕೆಲಸ ಮುಗಿಸಿ ಗೋಡೆ ಬದಿಗೆ ಹೋಗಬೇಕು. ಈ ಲೆಕ್ಕ ಇಟ್ಕೊಂಡು ನೋಡಿದ್ರೆ ಸೆಟ್ಟಲ್ಲಿ ಯಾವುದು ಕೆಲಸದ್ದು ಯಾವುದು ಚೀಲ ತುಂಬಿಸಲಿಕ್ಕೆ ಹಾಕಿದ್ದು ಅಂತ ತಾನೇ ಗೊತ್ತಾಗ್ತದೆ.

ಶುರು ಮಾಡೋದು ಮಲಗಿ. ಬೋಲ್ಸ್ಟರ್ ಮ್ಯಾಟಿನ ಮೇಲೆ ಉದ್ದಕ್ಕೆ, ಅದರ ತುದಿಗೆ ಸೊಂಟ ತಾಗಿಸಿ ಕೂತು ಬೆನ್ನು ಅದರ ಮೇಲೆ ಬರೋ ಹಾಗೆ ಹಿಂದಕ್ಕೆ ಮಲಗೋದು, ಅಂಗಾಲು ಎರಡೂ ಕೂಡಿಸಿ ಮಂಡಿ ಬದಿಗೆ ಬಿಡೋದು, ಮಂಡಿ ಕೆಳಗೆ ಒಂದೊಂದು ಬ್ಲಾಕ್. ಐದು ನಿಮಿಷ. ಮಂಡಿ ಕೆಳಗಿನ ಬ್ಲಾಕಿಗೆ ಫೋಮೇ ಸಾಕು, ಇಲ್ಲಿ ಸೆಟ್ಟಿನ ಬ್ಲಾಕು ಚೆನ್ನಾಗಿ ಕೆಲಸ ಮಾಡ್ತದೆ, ಹಗುರ, ಮೆತ್ತಗೆ, ಮೂಳೆಗೆ ಚುಚ್ಚೋದಿಲ್ಲ. ಅಳತೆ ಒಂಬತ್ತು ಇಂಚು, ಆರು ಇಂಚು, ನಾಕು ಇಂಚು, ಮೂರು ರೀತಿಯಲ್ಲಿ ನಿಲ್ಲಿಸಬಹುದಾದ್ದರಿಂದ ಮೂರು ಎತ್ತರ ಸಿಗ್ತದೆ. ಒಬ್ಬರ ಮಂಡಿ ನೆಲಕ್ಕೆ ತಾಗ್ತದೆ, ಇನ್ನೊಬ್ಬರದ್ದು ಒಂದು ಮೊಳ ಮೇಲೆ ನಿಂತಿರ್ತದೆ, ಅದರಲ್ಲಿ ನಾಚಿಕೆಪಡೋದೆಂತ ಇಲ್ಲ, ತೊಡೆಮೂಳೆ ಸೊಂಟದ ಗುಳಿಯಲ್ಲಿ ಕೂರೋ ರೀತಿ ಒಬ್ಬೊಬ್ಬರದ್ದು ಒಂದೊಂದು ನಮೂನೆ, ಮೂಳೆಗೆ ಮೂಳೆ ತಾಗಿದ ಮೇಲೆ ಎಷ್ಟು ವರ್ಷ ಎಳೆದ್ರೂ ಅಷ್ಟೇ. ಇದನ್ನ ನಾನು ಮೊದಲನೇ ಕ್ಲಾಸಲ್ಲೇ ಹೇಳ್ತೇನೆ, ಹೇಳಿದ್ರೆ ಪಕ್ಕದವರ ಮಂಡಿ ನೋಡೋದು ಕಮ್ಮಿ ಆಗ್ತದೆ.

ಸೆಟ್ಟಿನ ಬೋಲ್ಸ್ಟರು ಈ ಆಸನದಲ್ಲೇ ಸೋತಿತು. ಒಳಗೆ ಪಾಲಿಯೆಸ್ಟರ್ ನಾರು ತುಂಬಿದ್ದು, ಕೈಯಲ್ಲಿ ಒತ್ತಿದ್ರೆ ಗಟ್ಟಿ ಅನಿಸ್ತದೆ, ಬೆನ್ನಿನ ಭಾರ ಬಿದ್ದ ಎರಡನೇ ನಿಮಿಷಕ್ಕೆ ನಡುವೆ ನೆನೆದ ಬ್ರೆಡ್ಡಿನ ಹಾಗೆ ಕುಸೀತದೆ. ಆಗ ಎದೆ ತೆರೆಯೋ ಬದಲು ಹೆಗಲು ಒಳಕ್ಕೆ ಬರ್ತದೆ, ತಲೆ ಹಿಂದಕ್ಕೆ ಜೋತು ಬೀಳ್ತದೆ, ಕುತ್ತಿಗೆ ನೋವು ಅಂತ ಎದ್ದು ಕೂರ್ತಾರೆ. ಕೆಳಗೆ ಬ್ಲಾಕ್ ಇಟ್ಟು ಎತ್ತರ ಮಾಡಬಹುದು, ಆದ್ರೆ ಬ್ಲಾಕ್ ಮಂಡಿ ಕೆಳಗೆ ಹೋಗಿ ಆಗಿದೆ.

ಅಲ್ಲಿಂದ ಎದ್ದು ಕೂತು, ಕೂತಲ್ಲೇ ಚಿಟ್ಟೆ, ಇದನ್ನ ಬಟರ್‌ಫ್ಲೈ ಅಂತಾರೆ. ನಮ್ಮ ಬದ್ಧಕೋನಾಸನವೇ, ಪಾದ ಮಾತ್ರ ದೇಹದಿಂದ ದೂರ ಇರ್ತದೆ, ಬೆನ್ನು ನೆಟ್ಟಗೆ ಇಡೋ ಹಟ ಇಲ್ಲ, ಬಗ್ಗಿ ಬಿಡೋದು. ಬೋಲ್ಸ್ಟರನ್ನ ಬೆನ್ನ ಹಿಂದಿನಿಂದ ಎತ್ತಿ ಕಾಲ ಮೇಲೆ ಇಟ್ಟು ಅದರ ಮೇಲೆ ಹಣೆ ಇಡೋದು, ಒಂದೇ ಸಲ ಜರುಗಿತು. ಮೂರು ನಿಮಿಷ. ಸಯಾಟಿಕಾ ಇದ್ದವರಿಗೆ, ಡಿಸ್ಕ್ ಜಾರಿದವರಿಗೆ ಹೀಗೆ ಬೆನ್ನು ಬಾಗಿಸಿ ಕೂರೋದು ಬೇಡ, ಅವರು ಮೊದಲಿನ ಹಾಗೆ ಮಲಗಿಯೇ ಇರಲಿ. ಇಲ್ಲಿ ಬೇಕಾದದ್ದು ಕೂರುವ ಕಡೆ ಎತ್ತರ. ದಿನವಿಡೀ ಕುರ್ಚಿ ಮೇಲೆ ಕೂತು ಬಂದ ಬ್ಯಾಂಕಿನವರಿಗೆ ನೆಲದ ಮೇಲೆ ಕೂತ ಕೂಡಲೇ ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗ್ತದೆ, ಮಡಚಿದ ಕಂಬಳಿಯ ಅಂಚಿನ ಮೇಲೆ ಕೂರಿಸಿದ್ರೆ ಸೊಂಟ ಮುಂದಕ್ಕೆ ಬಾಗಿ ಅರ್ಧ ತೊಂದರೆ ಅಲ್ಲೇ ಹೋಯ್ತು. ಸೆಟ್ಟಲ್ಲಿ ಕಂಬಳಿ ಇಲ್ಲ, ಬ್ಲಾಕ್ ಮೇಲೆ ಕೂರಿಸಿದ್ರೆ ಜಾರ್ತದೆ.

ಈ ಕೊರತೆಗೆ ನಮ್ಮ ಜಿಲ್ಲೆಯಲ್ಲೇ ಒಳ್ಳೆ ಮದ್ದು ಅದೆ, ಕೌದಿ. ಹಳೇ ಸೀರೆ, ಪಂಚೆ, ಬಟ್ಟೆ ತುಂಡು ಪದರ ಪದರ ಸೇರಿಸಿ ಕೈಯಲ್ಲಿ ಹೊಲಿದದ್ದು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಮಾಡೋ ಕೌದಿ ಅಂತೂ ಈಗ ಎಲ್ಲೆಲ್ಲೋ ಪ್ರದರ್ಶನಕ್ಕೆ ಹೋಗ್ತದೆ. ಚಂದ ಇರಲಿ, ನನಗೆ ಬೇಕಾದದ್ದು ಅದರ ಗಟ್ಟಿತನ. ಉಣ್ಣೆ ಕಂಬಳಿ ಮಡಚಿ ಕೂತರೆ ಚುಚ್ಚುತ್ತದೆ, ಫ್ಲೀಸ್ ಅಂತ ಬರ್ತದಲ್ಲ ಆ ಮೆತ್ತನೆ ಹೊದಿಕೆ ಕೂತ ಕೂಡಲೇ ಚಪ್ಪಟೆ, ಕೌದಿ ನಾಕು ಮಡಿಕೆ ಹಾಕಿದ್ರೆ ಎಷ್ಟು ಎತ್ತರ ಅದೆಯೋ ಕ್ಲಾಸ್ ಮುಗಿಯೋ ತನಕ ಅಷ್ಟೇ ಇರ್ತದೆ. ಒಗೀಬಹುದು. ಹೆಚ್ಚಿನವರ ಮನೆ ಅಟ್ಟದಲ್ಲಿ ಒಂದು ಇದ್ದೇ ಇರ್ತದೆ, ತನ್ನಿ ಅಂತ ಹೇಳಿದೆ, ತಂದ್ರು, ಖರ್ಚಿಲ್ಲ.

ಮೂರನೇದು ಸ್ಫಿಂಕ್ಸ್, ಅಂದ್ರೆ ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತಿ ಇರೋದು. ಹೊಸಬರಿಗೆ ಮೊಣಕೈ ಮೇಲೆ ಎರಡು ನಿಮಿಷ ಇರಿ ಅಂದ್ರೆ ಹೆಗಲು ಕಿವಿಗೆ ಹೋಗಿ ಅಂಟಿಕೊಳ್ತದೆ, ಹಲ್ಲು ಕಚ್ಚಿ ತಡ್ಕೊಳ್ತಾರೆ, ಯಿನ್‌ಗೆ ಅದು ಪೂರ್ತಿ ಉಲ್ಟಾ. ಕಾಲ ಮೇಲಿದ್ದ ಬೋಲ್ಸ್ಟರನ್ನ ಮುಂದೆ ಅಡ್ಡ ಹಾಕಿ, ಎದೆ ಅದರ ಮೇಲೆ ಬರೋ ಹಾಗೆ ಮಲಗಿ, ಮೊಣಕೈ ಅದರಿಂದ ಮುಂದೆ ಇಟ್ರೆ ಭಾರ ಎಲ್ಲ ಬೋಲ್ಸ್ಟರ್ ಹೊತ್ಕೊಳ್ತದೆ, ಬೆನ್ನಿನ ಕೆಳಭಾಗದಲ್ಲಿ ಹಿತವಾದ ಒತ್ತು ಬರ್ತದೆ. ಸೆಟ್ಟಿನದ್ದು ಇಲ್ಲೂ ಕುಸೀತದೆ. ನಮ್ಮ ಕ್ಲಾಸಲ್ಲಿ ಒಬ್ಬರು ನಿವೃತ್ತ ಅಕ್ಕೋರು ಇದ್ದಾರೆ, ಅವರು ಸೆಟ್ಟಿನ ಬೋಲ್ಸ್ಟರ್ ಮೇಲೆ ಮಲಗಿ ಮುಖ ಎತ್ತಿ "ಅಲ್ಲಾ ಮಾರಾಯ್ತಿ, ಇದು ನನ್ನನ್ನ ಹೊತ್ತದೆಯಾ, ನಾನು ಇದನ್ನ ಹೊತ್ತಿದ್ದೇನಾ?" ಅಂತ ಕೇಳಿದ್ರು. ಆ ದಿನ ಯಾರೂ ಅಲ್ಲಾಡದೆ ಇರಲಿಲ್ಲ, ನಕ್ಕು ನಕ್ಕು ಟೈಮರ್ ಹೊಡೆದದ್ದೇ ಕೇಳಲಿಲ್ಲ. ಗರ್ಭಿಣಿಯರಿಗೆ ಇದು ಬೇಡವೇ ಬೇಡ, ಬೆನ್ನಲ್ಲಿ ಚುಚ್ಚೋ ನೋವು ಬಂದವರು ಬೋಲ್ಸ್ಟರ್ ತೆಗೆದು ಸುಮ್ಮನೆ ಬೋರಲು ಮಲಗಲಿ.

ಇದಾದ ಮೇಲೆ ಒಂದು ನಿಮಿಷ ಏನೂ ಮಾಡದೆ ಬೋರಲು ಮಲಗೋದು, ಪ್ರತಿ ಆಸನ ಆದ ಮೇಲೂ ಈ ಒಂದು ನಿಮಿಷ ಇರ್ತದೆ, ರೀಬೌಂಡ್ ಅಂತ ಹೆಸರು. ಆಮೇಲೆ ಅದೇ ಬೋಲ್ಸ್ಟರ್ ಉದ್ದಕ್ಕೆ ತಿರುಗಿಸಿ ಮಂಡಿ ಅಗಲಿಸಿ ಕೂತು ಅದನ್ನ ತಬ್ಬಿಕೊಂಡು ಬಾಲಾಸನ, ಎರಡು ನಿಮಿಷ, ಅರ್ಧ ಹೊತ್ತಿಗೆ ಕೆನ್ನೆ ಬದಲಿಸೋದು. ಮಂಡಿ ಮಡಚಲಿಕ್ಕೆ ಕಷ್ಟ ಇದ್ದವರಿಗೆ ತೊಡೆಗೂ ಮೀನಖಂಡಕ್ಕೂ ನಡುವೆ ಕೌದಿ ತುರುಕಿದ್ರೆ ಆಯ್ತು. ಎಲ್ಲರಿಗೂ ಇಷ್ಟ ಆಗೋದು ಇದೇ, ಹೆಚ್ಚು ಹೇಳೋದೆಂತ ಇಲ್ಲ.

ಒಂದು ಕಾಲಿನ ಆಸನ ಒಂದೇ ಒಂದು ಇಡ್ತೇನೆ. ಸ್ಲೀಪಿಂಗ್ ಸ್ವಾನ್ ಅಂತ ಒಂದು ಬರ್ತದೆ, ಫೋಟೋದಲ್ಲಿ ಭಾರೀ ಚಂದ, ಮುಂದಿನ ಕಾಲು ಮಡಚಿ ಹಿಂದಿನ ಕಾಲು ಚಾಚಿ ಮಲಗೋದು, ಸೊಂಟ ಬಿಗಿ ಇದ್ದವರಿಗೆ ಅದರ ತಿರುಚು ಪೂರ್ತಿ ಮಂಡಿಗೆ ಹೋಗ್ತದೆ, ಹೊಸಬರ ಕ್ಲಾಸಿಗೆ ನಾನು ತರೋದಿಲ್ಲ. ಬದಲಿಗೆ ಅಂಗಾತ ಮಲಗಿ ಒಂದು ಕಾಲಿನ ಹರಡು ಇನ್ನೊಂದು ತೊಡೆ ಮೇಲೆ ಇಟ್ಟು, ಕೆಳಗಿನ ಪಾದ ಗೋಡೆಗೆ ಊರೋದು, ಒತ್ತು ಬರೋ ಜಾಗ ಅದೇ, ಮಂಡಿ ಕ್ಷೇಮ. ಒಂದೊಂದು ಕಡೆಗೆ ಎರಡೂವರೆ ನಿಮಿಷ. ಬೋಲ್ಸ್ಟರ್ ಬೇಡ, ಬ್ಲಾಕ್ ಬೇಡ, ಗೋಡೆ ಸಾಕು, ಮತ್ತೆ ಗೋಡೆ ಎಲ್ಲ ಹಾಲಲ್ಲೂ ಫ್ರೀ. ನಮ್ಮ ಹಾಲಿನ ಒಂದು ಬದಿ ಗೋಡೆಗೆ ಮಳೆಗಾಲದಲ್ಲಿ ನೀರು ಇಳಿದು ಸುಣ್ಣ ಉದುರ್ತದೆ, ಆ ಬದಿ ಬಿಟ್ಟು ಉಳಿದದ್ದಕ್ಕೆ ಮ್ಯಾಟ್ ಹಾಕಿಸ್ತೇನೆ.

ಆಮೇಲೆ ಪಶ್ಚಿಮೋತ್ತಾನಾಸನದ ಸಡಿಲ ರೂಪ, ಕ್ಯಾಟರ್‌ಪಿಲ್ಲರ್. ಕಾಲು ಚಾಚಿ ಮಂಡಿ ಕೆಳಗೆ ಬೋಲ್ಸ್ಟರ್, ಮುಂದಕ್ಕೆ ಬಗ್ಗಿ ಬಿಡೋದು, ಮೂರೂವರೆ ನಿಮಿಷ. ಚಿಟ್ಟೆ ಬೇಡ ಅಂದವರಿಗೆಲ್ಲ ಇದೂ ಬೇಡ, ಮೂಳೆ ಟೊಳ್ಳಾದವರಿಗೂ (ಆಸ್ಟಿಯೋಪೊರೋಸಿಸ್) ಬೇಡ, ಅವರು ಅಂಗಾತ ಮಲಗಿ ಕಾಲು ಗೋಡೆಗೆ ಎತ್ತಿ ಇಡಲಿ. ಸೆಟ್ಟಿನ ಪಟ್ಟಿ ಇಲ್ಲಿಗೆ ಅಂತ ಕೊಟ್ಟದ್ದಿರಬೇಕು, ಪಾದಕ್ಕೆ ಹಾಕಿ ಎಳೀಲಿಕ್ಕೆ. ಆದ್ರೆ ಯಿನ್‌ನಲ್ಲಿ ಎಳೆಯೋ ಕೆಲಸವೇ ಇಲ್ಲ, ಪಟ್ಟಿ ಕೈಗೆ ಸಿಕ್ಕಿದ ಕೂಡಲೇ ಜನ ಹಗ್ಗಜಗ್ಗಾಟಕ್ಕೆ ಇಳೀತಾರೆ. ಹೊಸಬರ ಕ್ಲಾಸಲ್ಲಿ ನನಗೆ ಪಟ್ಟಿ ಬೇಕಾಗಲೇ ಇಲ್ಲ. ಮತ್ತೆ ಅದರ ಡಿ ಆಕಾರದ ಬಳೆ ಸ್ಟೀಲ್ ಅಂತ ಬರೆದಿದ್ರು, ಆಗಸ್ಟ್ ಬರೋದ್ರೊಳಗೆ ತುಕ್ಕು ಹಿಡಿದು ಪಟ್ಟಿ ಮೇಲೆ ಕಂದು ಗೆರೆ ಬಿದ್ದಿತ್ತು. ನಮ್ಮ ಕಾರವಾರದ ಕೋಡಿಬಾಗದಲ್ಲಿ ಇದ್ದವರಿಗೆ ಉಪ್ಪುಗಾಳಿ ಬಗ್ಗೆ ಬೇರೆ ಹೇಳಬೇಕಾಗಿಲ್ಲ, ಗೇಟಿನ ಬಿಜಾಗರಿಯೇ ಉಳಿಯೋದಿಲ್ಲ. ಪಟ್ಟಿ ಬೇಕೇ ಬೇಕು ಅಂದ್ರೆ ಹಳೇ ಕಾಟನ್ ದುಪಟ್ಟಾ ಧಾರಾಳ.

ಕೊನೆಗೆ ಅಂಗಾತ ಮಲಗಿ ಮಂಡಿ ಒಂದು ಬದಿಗೆ ಬಿಟ್ಟು ತಿರುಚೋದು, ಮಂಡಿ ಕೆಳಗೆ ಬೋಲ್ಸ್ಟರ್ ಇಟ್ರೆ ತೂಗೋದಿಲ್ಲ, ಆ ಕಡೆ ಈ ಕಡೆ ಮೂರು ಮೂರು ನಿಮಿಷ. ಆಮೇಲೆ ಅದೇ ಬೋಲ್ಸ್ಟರ್ ಎರಡೂ ಮಂಡಿ ಕೆಳಗೆ ಹೋಗಿ ಶವಾಸನ, ಎಂಟು ನಿಮಿಷ. ಈಗ ಕೂಡಿಸಿ ನೋಡಿ: ಮಲಗಿದ್ದು ಐದು, ಚಿಟ್ಟೆ ಮೂರು, ಸ್ಫಿಂಕ್ಸ್ ಮೂರು, ಬಾಲಾಸನ ಎರಡು, ಗೋಡೆಯದ್ದು ಐದು, ಕ್ಯಾಟರ್‌ಪಿಲ್ಲರ್ ಮೂರೂವರೆ, ತಿರುಚು ಆರು, ಶವಾಸನ ಎಂಟು, ಒಟ್ಟು 35 ನಿಮಿಷ 30 ಸೆಕೆಂಡು. ನಡುನಡುವಿನ ರೀಬೌಂಡ್ ಐದಾರು ನಿಮಿಷ, ಶುರುವಿನ ಮಾತು ಐದು, ಉಳಿದದ್ದೆಲ್ಲ ಏಳೋದು, ಜರುಗಿಸೋದು, ಸರಿ ಮಾಡೋದು. ಒಂದು ತಾಸಿಗೆ ಸರಿಯಾಗಿ ಕೂರ್ತದೆ. ಇನ್ನೊಂದು ಆಸನ ತುರುಕಿದ್ರೆ ಶವಾಸನದ ಹೊತ್ತಿಗೆ ಟ್ಯೂಷನ್ ಬಿಟ್ಟು ಮಕ್ಕಳು ಬಾಗಿಲಲ್ಲಿ ನಿಂತಿರ್ತಾರೆ. 75 ನಿಮಿಷದ ಕ್ಲಾಸಾದ್ರೆ ಆಸನ ಹೆಚ್ಚಿಸೋದಕ್ಕಿಂತ ಹೇಳಿಕೊಡೋ ಹೊತ್ತು ಹೆಚ್ಚಿಸಿ ಅಂತ ನನ್ನ ಅಭಿಪ್ರಾಯ.

ಕಣ್ಣಿನ ದಿಂಬಿನ ಕತೆಯೂ ಹೇಳಿಬಿಡ್ತೇನೆ. ಒಳಗೆ ಅಗಸೆ ಬೀಜ, ಲ್ಯಾವೆಂಡರ್ ಪರಿಮಳ. ಮೇ ತಿಂಗಳಲ್ಲಿ ಘಮ ಘಮ, ಎಲ್ಲರೂ ಬೇಕು ಅಂತಿದ್ರು. ಮಳೆ ಹಿಡಿದ ಮೇಲೆ ಒಳಗೆ ಹುಳ ಆಯ್ತು, ಶವಾಸನದಲ್ಲಿ ಇದ್ದೊಬ್ಬರು ಕೆನ್ನೆ ಮೇಲೆ ಎಂತದೋ ಹರೀತದೆ ಅಂತ ಎದ್ದು ಕೂತ್ರು, ಆವತ್ತೇ ಎಲ್ಲ ದಿಂಬನ್ನೂ ಹೊರಗೆ ಹಾಕಿದೆ. ಧಾನ್ಯ ಬೀಜ ತುಂಬಿದ ಸಾಮಾನು ಕರಾವಳಿಯ ಮಳೆಗಾಲಕ್ಕೆ ಆಗೋದಿಲ್ಲ. ಕೈವಸ್ತ್ರ ಮಡಚಿ ಕಣ್ಣ ಮೇಲೆ ಇಡಿ, ಸಾಕು. ಪಾಲಿಯೆಸ್ಟರ್ ಬೋಲ್ಸ್ಟರಿಗೆ ಒಂದು ಒಳ್ಳೆ ಗುಣ ಅದೆ ಅಂತ ಒಪ್ಪಬೇಕು, ಬೂಷ್ಟು ಹಿಡೀಲಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳೋ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಕವರಿನ ಜಿಪ್ ಮಾತ್ರ ಲೋಹದ್ದು, ಎರಡರಲ್ಲಿ ಹಸಿರು ಕಟ್ಟಿ ಕಚ್ಚಿಕೊಂಡು ಎಳೆದ್ರೂ ಬರಲಿಲ್ಲ, ಮೇಣದ ಬತ್ತಿ ಉಜ್ಜಿ ಬಿಡಿಸಿದ್ದಾಯ್ತು. ಮಾರಿದವರಿಗೆ ಫೋಟೋ ಸಮೇತ ಬರೆದೆ, ಬದಲಿಸಿಕೊಡೋ ಅವಧಿ ಮುಗಿದಿದೆ ಅಂತ ಉತ್ತರ ಬಂತು.

ಇನ್ನು ಗಾದಿ ಅಂಗಡಿ. ಪೇಟೆಯಲ್ಲಿ ಗಾದಿ, ತಲೆದಿಂಬು ಮಾಡಿಕೊಡೋ ಹಳೇ ಅಂಗಡಿಯೊಂದಕ್ಕೆ ಹೋಗಿ ಲೋಡು ಬೇಕು ಅಂದೆ. ಶಿರಸಿ, ಸಿದ್ದಾಪುರ ಕಡೆ ದೊಡ್ಡ ಮನೆಗಳ ಜಗುಲಿ ಮೇಲೆ ಒರಗಿಕೊಳ್ಳಲಿಕ್ಕೆ ಇಡ್ತಾರಲ್ಲ ಅದೇ ಲೋಡು, ಯೋಗದ ಬೋಲ್ಸ್ಟರ್ ಅಂದ್ರೂ ಬೇರೆ ಎಂತ ಅಲ್ಲ. ಅಳತೆ ಬರೆದು ಕೊಟ್ಟೆ, ಉದ್ದ ಇಪ್ಪತ್ತೈದು ಇಂಚು, ಅಗಲ ಹನ್ನೊಂದು, ಎತ್ತರ ಆರು, ದುಂಡಗೆ ಬೇಡ, ಮೇಲೆ ಕೆಳಗೆ ಚಪ್ಪಟೆ ಇರಲಿ, ಇಲ್ಲಾಂದ್ರೆ ಉರುಳ್ತದೆ. ಹತ್ತಿ ಗಟ್ಟಿ ತುಂಬಿ ಅಂದದ್ದಕ್ಕೆ ಅಂಗಡಿಯ ಅಜ್ಜ ಕೈಯಲ್ಲಿದ್ದ ಕೋಲು ಕೆಳಗಿಟ್ಟು "ಬಾಯೀ, ಇಷ್ಟು ಗಟ್ಟಿ ತುಂಬಿದ್ರೆ ತಲೆಗೆ ನಿದ್ದೆ ಬರೋದಿಲ್ಲ" ಅಂದ್ರು. ತಲೆಗಲ್ಲ ಅಜ್ಜಾ, ಬೆನ್ನಿಗೆ ಅಂದೆ. "ಬೆನ್ನಿಗೆ ಹಾಸಿಗೆ ಮಾಡಿಸ್ಕೋ" ಅಂದ್ರು. ಕಡೆಗೆ ಅಲ್ಲೇ ಅವರದ್ದೇ ಗಾದಿ ಮೇಲೆ ಒಂದು ದಿಂಬು ಇಟ್ಟು ಮಲಗಿ ತೋರಿಸಿದ ಮೇಲೆ ಒಪ್ಪಿದ್ರು, ಆಮೇಲೆ ಮೂಲೆಗಳಿಗೆ ಹತ್ತಿಯನ್ನ ಕೋಲಿನ ತುದಿಯಲ್ಲಿ ತುರುಕಿ ತುರುಕಿ, ಮೊಣಕೈ ಊರಿ ಒತ್ತಿ ನೋಡಿ, ಇನ್ನೂ ಒಂದು ಹಿಡಿ ಹಾಕಿ, ದಬ್ಬಣದಲ್ಲಿ ಬಾಯಿ ಹೊಲಿದು ಕೊಟ್ರು.

ತೂಕ ಮೂರೂವರೆ ಕಿಲೋ ಬಂತು. ಒಂದಕ್ಕೆ 950 ರೂಪಾಯಿ, ಹೊರಗಿನ ಕವರ್ ಹೊಲಿಸಿದ್ದು ಬೇರೆ. ಅದರ ಮೇಲೆ ಮೂರು ನಿಮಿಷ ಅಲ್ಲ, ಹತ್ತು ನಿಮಿಷ ಮಲಗಿದ್ರೂ ಒಂದು ಇಂಚು ಕುಸೀಲಿಲ್ಲ, ನಿವೃತ್ತ ಅಕ್ಕೋರು ಸ್ಫಿಂಕ್ಸಲ್ಲಿ ಮಾತಾಡೋದೇ ಬಿಟ್ರು. ತೊಂದರೆ ಎರಡು. ಒಂದು, ಭಾರ, ಹೆಗಲಿಗೆ ಹಾಕ್ಕೊಂಡು ಕ್ಲಾಸಿಗೆ ಬರಲಿಕ್ಕೆ ಆಗೋದಿಲ್ಲ, ಹಾಲಲ್ಲೇ ಇಡಬೇಕು. ಎರಡು, ಹತ್ತಿ ನೀರು ಕುಡೀತದೆ. ಜೂನ್ ಕೊನೆಗೆ ಒಂದರ ಮೇಲೆ ಕಪ್ಪು ಚುಕ್ಕೆ ಕಂಡಿತು, ಆಮೇಲೆ ಎಲ್ಲವನ್ನೂ ನೆಲದಿಂದ ಎತ್ತಿ ಮರದ ಬೆಂಚಿನ ಮೇಲೆ ನಡುವೆ ಗಾಳಿ ಆಡೋ ಹಾಗೆ ನಿಲ್ಲಿಸಿದೆ, ಬಿಸಿಲು ಬಂದ ಅರ್ಧ ತಾಸು ಕೂಡ ಬಿಡದೆ ಹೊರಗೆ ಹಾಕಿದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಡಿ, ಒಳಗಿನ ಪಸೆ ಒಳಗೇ ಉಳಿದು ಪೂರ್ತಿ ಹಾಳಾಗ್ತದೆ. ಶಿರಸಿ ಕಡೆಯವರಿಗೆ ಅಡಿಕೆ ಒಣಗಿಸೋ ಅಟ್ಟ ಇರ್ತದೆ, ಹೊಗೆ ಬೆಚ್ಚಗೆ ಇರೋ ಆ ಜಾಗದಲ್ಲಿ ಇಟ್ರೆ ಬೂಷ್ಟಿನ ಚಿಂತೆ ಇಲ್ಲ ಅಂತ ನನ್ನ ತಂಗಿ ಹೇಳ್ತಾಳೆ, ವಾಸನೆ ಬಗ್ಗೆ ಮಾತ್ರ ಅವಳು ಬಾಯಿ ಬಿಡೋದಿಲ್ಲ.

ಬ್ಲಾಕಿಗೆ ಬಡಗಿ ಹತ್ರ ಹಲಸಿನ ಮರದ್ದು ಮಾಡಿಸಿ ಅಂತ ಯಾರೋ ಹೇಳಿದ್ರು. ಮರದ್ದು ಗಟ್ಟಿ, ಅಯ್ಯಂಗಾರ್ ಪದ್ಧತಿಯ ನಿಂತು ಮಾಡೋ ಆಸನಕ್ಕೆ ಕೈ ಊರಲಿಕ್ಕೆ ಒಳ್ಳೇದು, ಮಂಡಿ ಕೆಳಗೆ ಐದು ನಿಮಿಷ ಇಟ್ರೆ ಅಂಚು ಕೊರೀತದೆ. ಯಿನ್‌ಗೆ ಫೋಮೇ ಇರಲಿ. ಅದೂ ಇಲ್ಲದವರು ಎರಡು ತಲೆದಿಂಬು ತನ್ನಿ.

ಯಾವ ಬೋಲ್ಸ್ಟರ್ ಆದ್ರೂ ಕೆಲವರ ವಿಷಯದಲ್ಲಿ ಜಾಗ್ರತೆ ಬೇಕು. ಕೀಲು ಮೊದಲೇ ಸಡಿಲ ಇದ್ದು ಎಲ್ಲಿ ಬೇಕಾದ್ರೂ ಬಾಗುವವರು ಕ್ಲಾಸಲ್ಲಿ ಎಲ್ಲರಿಗಿಂತ ಚಂದ ಕಾಣ್ತಾರೆ, ಅವರಿಗೇ ಹೆಚ್ಚು ಪ್ರಾಪ್ಸ್ ಕೊಟ್ಟು ಮೇಲೆಯೇ ನಿಲ್ಲಿಸಬೇಕು, ಆಳಕ್ಕೆ ಬಿಡಬಾರದು. ಮಂಡಿ ಆಪರೇಷನ್ ಆದವರು ಡಾಕ್ಟರನ್ನ ಕೇಳಿಯೇ ಬರಲಿ. ಜುಮ್ಮೆನ್ನೋದು, ಮರಗಟ್ಟೋದು, ಚೂಪು ನೋವು ಬಂದ್ರೆ ಟೈಮರ್ ಕಾಯದೆ ನಿಧಾನಕ್ಕೆ ಹೊರಗೆ ಬರೋದು, ಮಂದವಾದ ಎಳೆತ ಆದ್ರೆ ಇರೋದು. ಇದನ್ನ ಪ್ರತಿ ಕ್ಲಾಸಲ್ಲೂ ಹೇಳ್ತೇನೆ, ಹೇಳಿದ ಮೇಲೂ ಹಲ್ಲು ಕಚ್ಚುವವರು ಕಚ್ಚುತ್ತಾರೆ, ಹತ್ರ ಹೋಗಿ ಇನ್ನೊಂದು ಕೌದಿ ತುರುಕಿ ಬರಬೇಕು.

ಸ್ಟಾರ್ ಕೊಡೋದಾದ್ರೆ ಸೆಟ್ಟಿಗೆ ಐದಕ್ಕೆ ಎರಡೂವರೆ. ಬ್ಲಾಕಿಗೆ ಎರಡು, ಮತ್ತೆ ಬೂಷ್ಟು ಹಿಡಿಯದ ಒಂದೇ ಕಾರಣಕ್ಕೆ ಬೋಲ್ಸ್ಟರಿಗೆ ಅರ್ಧ. ಮನೆಯಲ್ಲಿ ಒಬ್ಬರೇ ಮಾಡೋರು, ಮೈ ತೂಕ ಕಮ್ಮಿ ಇದ್ದೋರು, ಬೆಂಗಳೂರಿಗೆ ಹೋಗಿಬಂದು ಮಾಡೋರು ತರಿಸಿದ್ರೆ ಅಡ್ಡಿಲ್ಲ, ಹಗುರ ಅದೆ. ಗಾದಿ ಅಂಗಡಿಯ ಲೋಡಿಗೆ ನಾಕು. ಕ್ಲಾಸ್ ಶುರು ಮಾಡೋರು ಸೆಟ್ಟು ತರಿಸೋ ದುಡ್ಡಲ್ಲಿ ತಲೆಗೊಂದು ಲೋಡು ಮಾಡಿಸಿ, ಫೋಮ್ ಬ್ಲಾಕ್ ಬಿಡಿಯಾಗಿ ತಗೊಳ್ಳಿ, ಕೌದಿ ಅವರವರ ಮನೆಯಿಂದ ಬರಲಿ. ಅಂಗಡಿಗೆ ಏಪ್ರಿಲ್ ತಿಂಗಳಲ್ಲೇ ಹೇಳಿ, ಮೇ ನಡುವೆ ಮದುವೆ ಗಾದಿ ಆರ್ಡರ್ ಜಾಸ್ತಿ ಇರ್ತದೆ, ಜೂನಲ್ಲಿ ಹತ್ತಿ ಒಣಗೋದಿಲ್ಲ ಅಂತ ಅಜ್ಜ ಕೈಯೇ ಹಾಕೋದಿಲ್ಲ. ಕವರಿಗೆ ಪ್ಲಾಸ್ಟಿಕ್ ಜಿಪ್ ಹಾಕಿಸಿ, ಬಟ್ಟೆ ಗಾಢ ಬಣ್ಣದ್ದಿರಲಿ, ಒಂದಕ್ಕೆ ಎರಡು ಕವರ್ ಹೊಲಿಸಿ, ಮಳೆಗಾಲದಲ್ಲಿ ಒಗೆದದ್ದು ಒಣಗಲಿಕ್ಕೆ ಮೂರು ದಿನ ಬೇಕು.